ಗೊರಿಲ್ಲಾಗಳಿಗಿಂತ ಮೊದಲಿನ ಅಟೆನ್‌ಬರೋ

ಡೇವಿಡ್ ಅಟೆನ್‌ಬರೋ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ರುವಾಂಡಾದ ಕಾಡಿನಲ್ಲಿ ಗೊರಿಲ್ಲಾಗಳ ಪಕ್ಕ ಕೂತು ಪಿಸುದನಿಯಲ್ಲಿ ಮಾತಾಡುವ, ವನ್ಯಜೀವಿ ಟಿವಿ ಕಾರ್ಯಕ್ರಮಗಳ ಮನುಷ್ಯ. ಆದರೆ ಅದಕ್ಕೂ ಮೊದಲು ಸುಮಾರು ಎಂಟು ವರ್ಷ ಅವರು ಬಿಬಿಸಿ ಆಫೀಸಿನಲ್ಲಿ ಕೂತು ಬೇರೆಯವರ ಕಾರ್ಯಕ್ರಮಗಳಿಗೆ ದಾರಿ ಮಾಡಿಕೊಟ್ಟವರು. ಆ ವರ್ಷಗಳ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಅಲ್ಲಿಂದಲೇ.

1965ರ ಮಾರ್ಚ್‌ನಲ್ಲಿ ಅವರು ಬಿಬಿಸಿಯ ಎರಡನೇ ಟಿವಿ ಚಾನೆಲ್ ಬಿಬಿಸಿ-2ರ ಕಂಟ್ರೋಲರ್, ಅಂದರೆ ಮುಖ್ಯಸ್ಥ ಆದರು. ಆಗ ವಯಸ್ಸು 38. ಚಾನೆಲ್‌ಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1964ರ ಏಪ್ರಿಲ್ 20ರಂದು, ಶುರುವಾದ ರಾತ್ರಿಯೇ, ಲಂಡನ್‌ನ ಬ್ಯಾಟರ್ಸಿ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಬಿದ್ದು ಸ್ಟುಡಿಯೋದಲ್ಲಿ ಕರೆಂಟೇ ಹೋಗಿತ್ತು. ಈ ಚಾನೆಲ್ ನೋಡೋಕೆ ಹೊಸ ಬಗೆಯ ಟಿವಿ ಸೆಟ್ ಬೇರೆ ಬೇಕಿತ್ತು. ಹಾಗಾಗಿ ನೋಡುವವರೂ ಕಮ್ಮಿ.

ಕೆಲಸಕ್ಕೆ ಒಪ್ಪುವಾಗ ಅವರು ಒಂದು ಷರತ್ತು ಬರೆಸಿಕೊಂಡಿದ್ದರು: ಆಗಾಗ ನಾನೂ ಕಾರ್ಯಕ್ರಮ ಮಾಡುತ್ತೇನೆ, ಬಿಡಬೇಕು. ಅದೇ ವರ್ಷ ಟಾಂಜಾನಿಯಾಕ್ಕೆ ಹೋಗಿ ಆನೆಗಳನ್ನು ಚಿತ್ರೀಕರಿಸಿ ಬಂದರು. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಕ್ಯಾಮೆರಾ ಹಿಂದಿನ ಕಷ್ಟ ಮರೆತವರು ಇನ್ನೊಬ್ಬರ ಕೆಲಸವನ್ನು ಹೇಗೆ ತೂಗುತ್ತಾರೆ ಹೇಳಿ?

ಆಮೇಲೆ ಬಂತು ಬಣ್ಣ. ಪಶ್ಚಿಮ ಜರ್ಮನಿ 1967ರ ಆಗಸ್ಟ್‌ನಲ್ಲಿ ಕಲರ್ ಪ್ರಸಾರಕ್ಕೆ ತಯಾರಾಗುತ್ತಿತ್ತು. ಅಟೆನ್‌ಬರೋ ಜುಲೈ 1ಕ್ಕೇ ವಿಂಬಲ್ಡನ್ ಟೆನ್ನಿಸನ್ನು ಬಣ್ಣದಲ್ಲಿ ತೋರಿಸಿಬಿಟ್ಟರು. ಯುರೋಪಿನಲ್ಲಿ ಅದೇ ಮೊದಲು. 1969ರಲ್ಲಿ ಸ್ನೂಕರ್ ತಂದರು. ಹಸಿರು ಮೇಜು, ಅದರ ಮೇಲೆ ಕೆಂಪು, ಹಳದಿ, ಗುಲಾಬಿ, ನೀಲಿ ಚೆಂಡುಗಳು. ಕಪ್ಪು-ಬಿಳುಪಿನಲ್ಲಿ ಕೆಂಪು ಯಾವುದು, ಕಂದು ಯಾವುದು ಅಂತಲೇ ತಿಳಿಯದ ಆಟ ಅದು. ಬಣ್ಣದ ಟಿವಿ ಯಾಕೆ ಬೇಕು ಅನ್ನೋದನ್ನ ಒಂದು ಮೇಜು ಹೇಳಿಬಿಡುತ್ತಿತ್ತು!

ಅದೇ ಬಣ್ಣದ ನೆಪದಲ್ಲಿ ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ ಅವರಿಂದ ಯುರೋಪಿನ ಚಿತ್ರ, ಶಿಲ್ಪ, ಕಟ್ಟಡಗಳ ಬಗ್ಗೆ 13 ಕಂತಿನ ಸರಣಿ ಮಾಡಿಸಿದರು. ಒಬ್ಬ ಪಂಡಿತ ನಿಂತು ಮಾತಾಡುವುದನ್ನು 13 ವಾರ ಯಾರು ನೋಡ್ತಾರೆ ಅಂತ ಹೆದರಲಿಲ್ಲ. ಬಿಬಿಸಿಗೆ ಜಾಹೀರಾತಿನ ದುಡ್ಡಿಲ್ಲ, ಜನ ಕಟ್ಟುವ ಲೈಸೆನ್ಸ್ ಫೀಯಲ್ಲೇ ಅದು ನಡೆಯಬೇಕು. 1968ರಲ್ಲಿ ಕಪ್ಪು-ಬಿಳುಪು ಟಿವಿಗೆ ವರ್ಷಕ್ಕೆ 5 ಪೌಂಡ್, ಕಲರ್‌ಗೆ 10. ಜನರ ದುಡ್ಡು ಅಂದಮೇಲೆ ಜನ ಕೇಳಿದ್ದನ್ನೇ ಕೊಡಬೇಕು ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪಲ್ಲ. ಇಂಥದ್ದೊಂದು ಇದೆ ಅಂತ ಗೊತ್ತೇ ಇಲ್ಲದಿದ್ದರೆ ಜನ ಹೇಗೆ ಕೇಳ್ತಾರೆ? ತಂದು ಮುಂದಿಡೋದೇ ಸಾರ್ವಜನಿಕ ಟಿವಿಯ ಕೆಲಸ ಅಲ್ವಾ?

1969ರಲ್ಲಿ ಬಡ್ತಿ ಸಿಕ್ಕಿತು. ಬಿಬಿಸಿ-1, ಬಿಬಿಸಿ-2 ಎರಡೂ ಚಾನೆಲ್‌ಗಳ ಕಾರ್ಯಕ್ರಮಗಳ ಹೊಣೆ ಅವರದಾಯಿತು. 1972ರಲ್ಲಿ ಬಿಬಿಸಿಯ ಅತಿ ದೊಡ್ಡ ಹುದ್ದೆ, ಡೈರೆಕ್ಟರ್ ಜನರಲ್ ಸ್ಥಾನಕ್ಕೇ ಅವರ ಹೆಸರು ಕೇಳಿಬಂತು. ಅವರು ಅಣ್ಣ ರಿಚರ್ಡ್‌ಗೆ ಫೋನ್ ಮಾಡಿ, ಆ ಕೆಲಸ ನನಗೆ ಬೇಡ ಅನಿಸ್ತಿದೆ ಅಂತ ಹೇಳಿಕೊಂಡರಂತೆ. ರಾಜೀನಾಮೆ ಕೊಟ್ಟೇಬಿಟ್ಟರು. ಸ್ವಲ್ಪ ದಿನಕ್ಕೇ ಕ್ಯಾಮೆರಾ ತಂಡದ ಜೊತೆ ಇಂಡೋನೇಷ್ಯಾದಲ್ಲಿದ್ದರು. 1979ರಲ್ಲಿ ಭೂಮಿಯ ಮೇಲಿನ ಜೀವದ ಕಥೆ ಹೇಳುವ ಅವರದೇ ದೊಡ್ಡ ಸರಣಿ ಬಂತು. ಅದೂ 13 ಕಂತು.