ಓಟಿಸ್ ರಶ್: ಕವರ್ ಕೇಳಿದ್ದು ಸಾಕು, ಮೂಲಕ್ಕೆ ಬನ್ನಿ

ಬ್ಲೂಸ್ ಗಿಟಾರ್ ಅಂದರೆ ಬಿ.ಬಿ. ಕಿಂಗ್, ಬಡ್ಡಿ ಗೈ ಎಂದು ಪಟಪಟ ಹೇಳುವವರೂ ಶಿಕಾಗೋದ ಗಾಯಕ, ಗಿಟಾರಿಸ್ಟ್ ಓಟಿಸ್ ರಶ್ ಹೆಸರಿಗೆ ತಡವರಿಸುತ್ತಾರೆ. ಆತನ ಹಾಡುಗಳನ್ನು ಮಾತ್ರ ಕೇಳಿಯೇ ಇರುತ್ತಾರೆ, ಬೇರೆಯವರ ಗಂಟಲಲ್ಲಿ. 'ಆಲ್ ಯುವರ್ ಲವ್' 1966ರಲ್ಲಿ ಜಾನ್ ಮೇಯಲ್ ತಂಡದ ಜೊತೆ ಎರಿಕ್ ಕ್ಲ್ಯಾಪ್ಟನ್ ನುಡಿಸಿದ್ದು. 'ಐ ಕಾಂಟ್ ಕ್ವಿಟ್ ಯೂ ಬೇಬಿ' ರಾಕ್ ತಂಡ ಲೆಡ್ ಝೆಪೆಲಿನ್‌ನ ಮೊದಲ ಆಲ್ಬಮ್‌ನಲ್ಲಿದೆ. ಸ್ಟೀವಿ ರೇ ವಾನ್ ತನ್ನ ತಂಡಕ್ಕೆ ಇಟ್ಟ 'ಡಬಲ್ ಟ್ರಬಲ್' ಎಂಬ ಹೆಸರೂ ರಶ್‌ನ ಹಾಡಿನದೇ.

ರಶ್ ಎಡಗೈಯವನು. ತಂತಿಗಳನ್ನು ಅದಲುಬದಲು ಮಾಡದೆ ಗಿಟಾರನ್ನು ಹಾಗೇ ತಿರುಗಿಸಿ ಹಿಡಿದ. ದಪ್ಪ ತಂತಿ ನೆಲದ ಕಡೆ, ಸಣ್ಣ ತಂತಿ ಮುಖದ ಕಡೆ. ನಾವೆಲ್ಲ ಸಣ್ಣ ತಂತಿಯನ್ನು ಮೇಲಕ್ಕೆ ತಳ್ಳಿ ಬೆಂಡ್ ಮಾಡಿದರೆ (ತಂತಿ ಸರಿಸಿ ಸ್ವರ ಏರಿಸಿದರೆ), ಆತ ಕೆಳಕ್ಕೆ ಎಳೆಯುತ್ತಿದ್ದ. ತಂತಿ ಸರಿಯುವುದು ಎರಡರಲ್ಲೂ ಫ್ರೆಟ್‌ಬೋರ್ಡಿನ (ಬೆರಳೂರುವ ಹಲಗೆಯ) ನಡುವಿನ ಕಡೆಗೇ, ಬದಲಾಗುವುದು ಕೈಯ ಬಲ. ಎಳೆತದಲ್ಲಿ ಇಡೀ ಕೈಯ ಭಾರ ಸಿಗುತ್ತದೆ. ವೀಣೆಯಲ್ಲಿ ತಂತಿ ಎಳೆದು ಗಮಕ ಹಿಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಲಗೈಯವರು ಆ ನಾದ ಬೇಕೆಂದು ಗಿಟಾರ್ ತಿರುಗಿಸಬೇಡಿ. ಉಂಗುರದ ಬೆರಳಿನಿಂದ ಬೆಂಡ್ ಮಾಡಿ, ನಡುಬೆರಳು, ತೋರುಬೆರಳು ಅದೇ ತಂತಿಯ ಮೇಲೆ ಹಿಂದಿನಿಂದ ಆಸರೆ ಕೊಡಲಿ. ಹೆಬ್ಬೆರಳು ನೆಕ್ಕಿನ ಮೇಲಂಚಿಗೆ ಊರಿ, ಮಣಿಕಟ್ಟು ತಿರುಗಲಿ. ಸ್ವರ ಮೊದಲು ಪೂರ್ತಿ ಮುಟ್ಟಬೇಕು, ವೈಬ್ರಾಟೊ (ಸ್ವರವನ್ನು ಅಲುಗಿಸುವುದು) ಆಮೇಲೆ. ಮುಟ್ಟುವ ಮೊದಲೇ ಅಲುಗಿಸಿದರೆ ಶ್ರುತಿ ತಗ್ಗಿ ಅಳುಕಿದಂತೆ ಕೇಳುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ.

ಧ್ವನಿಮುದ್ರಣಗಳ ಕಥೆ ಬೇಸರದ್ದು. 1956ರಲ್ಲಿ ಶಿಕಾಗೋದ ಕೋಬ್ರಾ ಎಂಬ ಪುಟ್ಟ ಕಂಪನಿಗೆ, ವಿಲ್ಲಿ ಡಿಕ್ಸನ್ ಬರೆದ 'ಐ ಕಾಂಟ್ ಕ್ವಿಟ್ ಯೂ ಬೇಬಿ'ಯನ್ನು ಹಾಡಿದ. ಮೊದಲ ರೆಕಾರ್ಡೇ ಅಮೆರಿಕದ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಕೆಲವೇ ವರ್ಷಗಳಲ್ಲಿ ಕಂಪನಿ ಮುಳುಗಿತು. 1971ರಲ್ಲಿ ಕ್ಯಾಪಿಟಲ್ ಎಂಬ ದೊಡ್ಡ ಕಂಪನಿಗಾಗಿ ಮುದ್ರಿಸಿದ 'ರೈಟ್ ಪ್ಲೇಸ್, ರಾಂಗ್ ಟೈಮ್' ಕಪಾಟಿನಲ್ಲೇ ಕೊಳೆಯಿತು. ಹೊರಬಂದದ್ದು 1976ರಲ್ಲಿ, ಬುಲ್‌ಫ್ರಾಗ್ ಎಂಬ ಸಣ್ಣ ಲೇಬಲ್‌ನಿಂದ. ನನ್ನ ಲೆಕ್ಕದಲ್ಲಿ ಆತನ ಆಲ್ಬಮ್‌ಗಳಲ್ಲಿ ಅದೇ ಮೇಲು. ಅದಕ್ಕಿಂತ ಹಿಂದಿನ, 1969ರ, ಅಲಬಾಮದ ಮಸಲ್ ಶೋಲ್ಸ್‌ನಲ್ಲಿ ಮುದ್ರಿಸಿದ ಆಲ್ಬಮ್‌ನಲ್ಲಿ ಹಾರ್ನ್‌ಗಳ (ಊದುವ ವಾದ್ಯಗಳ) ಗದ್ದಲಕ್ಕೆ ಗಿಟಾರ್ ಮಂಕಾಗಿದೆ (ಇದಕ್ಕೆ ಜಗಳವಾಡುವವರಿದ್ದಾರೆ, ಆಡಲಿ).

ಕೇಳಲು ಹೊರಟವರು ವರ್ಷ ನೋಡಿಕೊಳ್ಳಿ. ಒಂದೇ ಹಾಡನ್ನು ಆತ ಹಲವು ಸಲ ಮುದ್ರಿಸಿದ್ದಾನೆ, ಆ್ಯಪ್‌ಗಳಲ್ಲಿ ಎಲ್ಲವೂ ಕಲಸಿಹೋಗಿವೆ. ಮೊದಲು 1956-58ರ ಕೋಬ್ರಾ ಹಾಡುಗಳು. 'ಡಬಲ್ ಟ್ರಬಲ್'ನಲ್ಲಿ ಐಕ್ ಟರ್ನರ್‌ನ ಗಿಟಾರೂ ಇದೆ, ಹಾಗಾಗಿ ಕೇಳಿದ್ದೆಲ್ಲ ರಶ್ ಕೈಯದೇ ಅಂದುಕೊಳ್ಳಬೇಡಿ. 'ಆಲ್ ಯುವರ್ ಲವ್'ನಲ್ಲಿ ಲ್ಯಾಟಿನ್ ನಡೆ ನಡುವೆ ಥಟ್ಟನೆ ಷಫಲ್‌ ಎಂಬ ತೂಗಾಡುವ ಬ್ಲೂಸ್ ಲಯಕ್ಕೆ ಹೊರಳುವ ಜಾಗಕ್ಕೆ ಕಿವಿಗೊಡಿ. ಝೆಪೆಲಿನ್ ಜೊತೆ ಹೋಲಿಸಿ ನೋಡುವ ಆಸೆಯಿದ್ದರೆ 1956ರದು ಬೇಡ. ವ್ಯಾನ್‌ಗಾರ್ಡ್ ಕಂಪನಿ 1966ರಲ್ಲಿ ತಂದ ಶಿಕಾಗೋ ಬ್ಲೂಸ್ ಸಂಕಲನದ ಎರಡನೇ ಭಾಗದಲ್ಲಿ ರಶ್ ಅದನ್ನೇ ಮತ್ತೆ ಹಾಡಿದ್ದಾನೆ. ಝೆಪೆಲಿನ್‌ನ ಗಿಟಾರಿಸ್ಟ್ ಜಿಮ್ಮಿ ಪೇಜ್ ಹಿಡಿದದ್ದು ಆ ಜಾಡು.