ಸ್ಪಷ್ಟನೆ: ಅಭ್ಯಾಸಕ್ಕೆ 21 ದಿನದ ಗಡುವಿಲ್ಲ

‘21 ದಿನ ಬಿಡದೆ ಮಾಡಿದರೆ ಯಾವ ಒಳ್ಳೆಯ ಅಭ್ಯಾಸವೂ ಗಟ್ಟಿಯಾಗುತ್ತದೆ, ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ ಶುರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಬರೆದದ್ದೇ ಬೇರೆ: ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಸಾಮಾನ್ಯವಾಗಿ ಕನಿಷ್ಠ 21 ದಿನ ಬೇಕು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಬಿದ್ದುಹೋಯಿತು, ಮುಖದ ಮಾತೂ ಮರೆತುಹೋಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ರೂಢಿಯಾಗಲು ಸುಮಾರು 66 ದಿನ ಹಿಡಿಯಿತು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ: 18ರಿಂದ 254 ದಿನದವರೆಗೆ ಅಂದಾಜು. ನೀರು ಕುಡಿಯುವುದು ಬೇಗ ರೂಢಿಯಾಗುತ್ತದೆ, ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕು, ಸಹಜ ಅಲ್ವಾ? ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಷ್ಟು ನಷ್ಟ ಆಗಲೇ ಇಲ್ಲ.

22ನೇ ದಿನವೂ ಕಷ್ಟ ಅನಿಸಿದರೆ ಸುಮ್ನೆ ನಿಮ್ಮನ್ನೇ ಬೈದುಕೊಳ್ಳಬೇಡಿ.