ಸತ್ಯಾಂಶ: ರಬ್ಬರ್ ಮೌಂಟ್ ಕಿತ್ತರೆ ನಡುಕ ನಿಲ್ಲುತ್ತಾ?

ಹಳೆಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ನಡುಗಿದರೆ ಅದನ್ನು ಹಿಡಿದಿರುವ ರಬ್ಬರ್ ಮೌಂಟ್ ಕಿತ್ತು ಲೋಹದ ಬುಷ್ (ಕೊಳವೆಯಂಥ ತುಂಡು) ಹಾಕಿ ಅನ್ನೋ ಮೆಸೇಜು ಆಗಾಗ ಬರುತ್ತದೆ. ಅದರಿಂದ ನಡುಕ ನಿಲ್ಲುವುದಿಲ್ಲ, ಟಿಲ್ಲರ್‌ಗೂ (ದೋಣಿ ತಿರುಗಿಸುವ ಹಿಡಿಕೆ) ದೋಣಿಯ ಹಿಂಬದಿ ಹಲಗೆಗೂ ದಾಟುತ್ತದೆ, ಅಷ್ಟೇ. 1950ರ ದಶಕದ ಅಮೆರಿಕದ ಎರಡು ಸಿಲಿಂಡರಿನ ಹಲವು ಟೂ-ಸ್ಟ್ರೋಕ್‌ ಔಟ್‌ಬೋರ್ಡ್‌ಗಳನ್ನೇ ನೋಡಿ: ಒಂದು ಪಿಸ್ಟನ್ ಮುಂದೆ ಹೋದಾಗ ಇನ್ನೊಂದು ಹಿಂದೆ ಬಂದರೂ, ಅವು ಒಂದರ ಮೇಲೊಂದು ಇರುವುದರಿಂದ ಎಂಜಿನ್ ತೂಗಾಡುತ್ತದೆ, ಐಡಲ್‌ನಲ್ಲಿ (ಎಂಜಿನ್ ನಿಧಾನವಾಗಿ ಸುಮ್ನೆ ಓಡುವಾಗ) ಅದು ಜಾಸ್ತಿಯೇ ಕಾಣುತ್ತದೆ. ರಬ್ಬರ್ ಇರುವುದೇ ಆ ನಡುಕ ದೋಣಿಗೆ ದಾಟದಂತೆ ತಡೆಯಲಿಕ್ಕೆ ಅಲ್ವಾ?

ನೀವೇ ಪರೀಕ್ಷಿಸಬಹುದು. ಎಂಜಿನ್ ಆಫ್ ಮಾಡಿ, ರಬ್ಬರ್ ಬಿರಿದಿದೆಯಾ, ಎಣ್ಣೆ ಕುಡಿದು ಮೆತ್ತಗಾಗಿದೆಯಾ ನೋಡಿ. ಸರಿಯಿದ್ದರೆ ಎರಡೂ ಸಿಲಿಂಡರಿನ ಸ್ಪಾರ್ಕ್, ಕಂಪ್ರೆಷನ್ (ಒಳಗಿನ ಒತ್ತಡ) ಹೋಲಿಸಿ. ಒಂದು ಸರಿಯಾಗಿ ಉರಿಯದಿದ್ದರೂ ನಡುಕ ಬರುತ್ತದೆ. ವೇಗದ ಜೊತೆ ನಡುಕ ಏರಿದರೆ ಪ್ರೊಪೆಲರ್ ರೆಕ್ಕೆ ಬಾಗಿರಬಹುದು. ಮಾಡೆಲ್ ಹೆಸರೇ ಇಲ್ಲದ ಸಲಹೆಯನ್ನು ಸುಮ್ನೆ ನಂಬಬೇಡಿ, ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಚಿತ್ರದಲ್ಲಿ ರಬ್ಬರ್ ಇದ್ದರೆ ರಬ್ಬರೇ ಹಾಕಿ.